ಆಸ್ಪತ್ರೆ ಖರ್ಚು ಮತ್ತು ಬಡತನ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಎದುರಾಗುವ ಹಣದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಮೊದಲ ಕೆಲವು ಉತ್ತರಗಳು ಲೆಕ್ಕ ಮತ್ತು ಕಾರಣಗಳ ಬಗ್ಗೆ ಇವೆ. ನೀವು ಈಗಾಗಲೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರೆ ಅವನ್ನು ಬಿಟ್ಟು, “ಅಡ್ಮಿಟ್ ಮಾಡಿ ಎಂದಿದ್ದಾರೆ” ಎಂಬ ಪ್ರಶ್ನೆಯಿಂದ ಓದಲು ಶುರುಮಾಡಿ.

ಒಂದೇ ಕಾಯಿಲೆ ಇಡೀ ಸಂಸಾರವನ್ನು ಬಡತನಕ್ಕೆ ತಳ್ಳುವುದು ಹೇಗೆ?

ಏಟು ಮೂರು ಕಡೆಯಿಂದ ಬೀಳುತ್ತದೆ. ಒಂದು, ಚಿಕಿತ್ಸೆಗೆ ಕೈಯಿಂದ ಹಾಕುವ ಹಣ. ಎರಡು, ರೋಗಿಯ ದುಡಿಮೆಯ ಜೊತೆಗೆ ಅವರನ್ನು ನೋಡಿಕೊಳ್ಳುವವರ ದುಡಿಮೆಯೂ ನಿಲ್ಲುವುದು. ಮೂರು, ಆ ಹಣವನ್ನು ಹೊಂದಿಸಿದ ಬಗೆ. ಜನ ಮಾತನಾಡುವುದೆಲ್ಲ ಮೊದಲನೆಯದರ ಬಗ್ಗೆ. ಮನೆಯನ್ನು ವರ್ಷಗಟ್ಟಲೆ ಏಳಗೊಡದೆ ಒತ್ತಿ ಹಿಡಿಯುವುದು ಮಾತ್ರ ಮೂರನೆಯದು.

ಎರಡು ಮನೆಗಳಿಗೆ ಒಂದೇ ಮೊತ್ತದ ಬಿಲ್ ಬಂತೆನ್ನಿ. ಒಂದು ಮನೆಯವರು ಉಳಿತಾಯದಿಂದ ಕಟ್ಟಿದರು. ಇನ್ನೊಂದು ಮನೆಯವರು ಹೊಲಿಗೆ ಯಂತ್ರ ಮಾರಿ, ಸಾಕಾಗದ್ದಕ್ಕೆ ಬಡ್ಡಿಗೆ ಸಾಲ ತಂದರು. ಒಂದು ವರ್ಷದ ಹೊತ್ತಿಗೆ ಮೊದಲ ಮನೆ ಹಳೆಯ ಸ್ಥಿತಿಗೆ ಮರಳಿರುತ್ತದೆ. ಎರಡನೆಯ ಮನೆಯಲ್ಲಿ ದುಡಿಯುವ ಸಾಧನವಿಲ್ಲ, ಬರುವ ಅಷ್ಟಿಷ್ಟು ಆದಾಯವೂ ಬಡ್ಡಿಗೆ ಹೋಗುತ್ತದೆ. ರೋಗಿ ಗುಣವಾಗಿದ್ದರೂ ಮನೆ ಗುಣವಾಗಿರುವುದಿಲ್ಲ. ಹಾಗಾಗಿ ಮುಂದಿನ ಉತ್ತರಗಳಲ್ಲಿ ಬಿಲ್ಲಿನ ಗಾತ್ರಕ್ಕಿಂತ ಹಣದ ಮೂಲದ ಬಗ್ಗೆಯೇ ಹೆಚ್ಚು ಮಾತಿದೆ.

ಖರ್ಚು ಮಿತಿಮೀರಿತು ಎಂದು ಯಾವಾಗ ಹೇಳುತ್ತಾರೆ?

ಬಳಕೆಯಲ್ಲಿರುವ ಅಳತೆಗಳು ಒಂದಕ್ಕಿಂತ ಹೆಚ್ಚು. ಮನೆಯ ಒಟ್ಟು ಖರ್ಚು ಅಥವಾ ಆದಾಯದಲ್ಲಿ ಶೇ. 10ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಹೋದರೆ ಅದು ವಿಪರೀತ ಖರ್ಚು ಎನ್ನುವುದು ಒಂದು. ಇನ್ನೂ ಗಂಭೀರ ಸ್ಥಿತಿಗೆ ಶೇ. 25ರ ಗೆರೆಯಿದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 3.8.2 ಎಂಬ ಸೂಚಕ ಈ ಎರಡು ಗೆರೆಗಳ ಮೇಲೆಯೇ ನಿಂತಿತ್ತು. ಇನ್ನೊಂದು ಅಳತೆಯಲ್ಲಿ ಊಟದಂಥ ಮೂಲ ಅಗತ್ಯಗಳನ್ನು ಕಳೆದು, ಉಳಿದ ಹಣದಲ್ಲಿ ಶೇ. 40 ದಾಟಿತೇ ಎಂದು ನೋಡುತ್ತಾರೆ. 2025ರಲ್ಲಿ 3.8.2 ಸೂಚಕವನ್ನೂ ಈ ದಾರಿಗೆ ಹೊಂದುವಂತೆ ಪರಿಷ್ಕರಿಸಲಾಯಿತು.

ಎರಡಕ್ಕೂ ಏನು ವ್ಯತ್ಯಾಸ ಎಂಬುದು ಸಣ್ಣ ಲೆಕ್ಕದಲ್ಲಿ ತಿಳಿಯುತ್ತದೆ. ಮನೆಯ ತಿಂಗಳ ಖರ್ಚನ್ನು 100 ಪಾಲು ಎಂದುಕೊಳ್ಳೋಣ, ಆರೋಗ್ಯಕ್ಕೆ ಹೋದದ್ದು 12 ಪಾಲು. ಬಡ ಮನೆಯಲ್ಲಿ ಊಟ, ಬಾಡಿಗೆಗೇ 70 ಹೋಗುತ್ತದೆ. ಉಳಿದ 30ರಲ್ಲಿ 12 ಎಂದರೆ ಶೇ. 40. ಅನುಕೂಲಸ್ಥರ ಮನೆಯಲ್ಲಿ ಅದೇ ಅಗತ್ಯಗಳಿಗೆ 25 ಸಾಕು. ಉಳಿದ 75ರಲ್ಲಿ 12 ಎಂದರೆ ಶೇ. 16. ಶೇ. 10ರ ಗೆರೆಗೆ ಎರಡೂ ಮನೆಗಳು ಒಂದೇ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಅಳತೆಯೇ ಹೆಚ್ಚು ನ್ಯಾಯವಾದದ್ದು.

ವಿಪರೀತ ಖರ್ಚಾಗದೆಯೂ ಬಡತನಕ್ಕೆ ಬೀಳಬಹುದೇ?

ಬೀಳಬಹುದು. ಬಡತನ ರೇಖೆ 90 ಪಾಲಿನಲ್ಲಿದೆ, ಒಂದು ಮನೆ 95ರಲ್ಲಿ ಬದುಕುತ್ತಿದೆ ಎನ್ನಿ. ಮಾತ್ರೆ ಮತ್ತು ರಕ್ತಪರೀಕ್ಷೆಗೆ 8 ಹೋದರೆ ಉಳಿಯುವುದು 87. ಖರ್ಚು ಶೇ. 10ರೊಳಗೇ ಇದೆ, ಆದರೂ ಮನೆ ರೇಖೆಯ ಕೆಳಗಿಳಿದಿದೆ. ಮೊದಲೇ ರೇಖೆಯ ಕೆಳಗಿದ್ದವರಿಗೆ ಪ್ರತಿ ಪೈಸೆಯೂ ಇನ್ನಷ್ಟು ಆಳಕ್ಕಿಳಿಸುವ ಪೈಸೆಯೇ.

ಜಗತ್ತಿನಲ್ಲಿ ಎಷ್ಟು ಜನ ಹೀಗೆ ಸಿಲುಕಿದ್ದಾರೆ?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಬ್ಯಾಂಕ್ 2023ರಲ್ಲಿ ಕೊಟ್ಟ ಲೆಕ್ಕದಂತೆ, 2019ರಲ್ಲಿ ಸುಮಾರು 100 ಕೋಟಿ ಜನ ತಮ್ಮ ಮನೆಯ ಬಜೆಟ್ಟಿನ ಶೇ. 10ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಕೈಯಿಂದ ಹಾಕಿದ್ದರು. 2000ದಲ್ಲಿ ಈ ಪಾಲು ಜನಸಂಖ್ಯೆಯ ಶೇ. 9.6 ಇದ್ದದ್ದು 2019ರಲ್ಲಿ ಶೇ. 13.5ಕ್ಕೆ ಏರಿತ್ತು. ಆರೋಗ್ಯದ ಖರ್ಚಿನಿಂದಾಗಿ ಕಡುಬಡತನಕ್ಕೆ ಬಿದ್ದವರು, ಅಥವಾ ಅದರಲ್ಲೇ ಇನ್ನೂ ಕೆಳಗಿಳಿದವರು 34.4 ಕೋಟಿ.

ದೊಡ್ಡ ಆಪರೇಷನ್ ಬಂದರೆ ಮಾತ್ರ ಹೀಗಾಗುತ್ತದೆ ಅಲ್ಲವೇ?

ಹೆಚ್ಚಿನವರು ಹಾಗೇ ನಂಬಿದ್ದಾರೆ, ಮತ್ತು ಈ ನಂಬಿಕೆಯೇ ಮನೆಗಳನ್ನು ಮೈಮರೆಸುತ್ತದೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಜನ ಕೈಯಿಂದ ಹಾಕುವ ಹಣದ ಅತಿ ದೊಡ್ಡ ಪಾಲು ಹೋಗುವುದು ಔಷಧಿಗಳಿಗೆ. ಸಕ್ಕರೆ ಕಾಯಿಲೆ, ಬಿಪಿ, ಅಸ್ತಮಾ, ಮೂರ್ಛೆರೋಗ, ಮೂತ್ರಪಿಂಡದ ತೊಂದರೆ ಎಲ್ಲದರಲ್ಲೂ ಒಂದು ಸಲದ ಬಿಲ್ ಸಣ್ಣದು, ಆದರೆ ಅದು ಪ್ರತಿ ತಿಂಗಳೂ ಬರುತ್ತದೆ. ಆಪರೇಷನ್‌ಗಾದರೆ ಬಂಧುಬಳಗ ಕೈಜೋಡಿಸುತ್ತದೆ, ನೆರವಿನ ಯೋಜನೆ ಸಿಗುತ್ತದೆ. ತಿಂಗಳ ಮಾತ್ರೆಗೆ ಯಾರೂ ಚಂದಾ ಎತ್ತುವುದಿಲ್ಲ. ಒಳರೋಗಿಗಳಿಗೆ ಮಾತ್ರ ಅನ್ವಯಿಸುವ ವಿಮೆಯೂ ಇಲ್ಲಿ ಕೆಲಸಕ್ಕೆ ಬಾರದು.

ನಿಮ್ಮ ಮನೆಯ ತಿಂಗಳ ಔಷಧಿ ಖರ್ಚನ್ನು 12ರಿಂದ ಗುಣಿಸಿ, ಅದಕ್ಕೆ ವರ್ಷದ ಪರೀಕ್ಷೆಗಳು ಮತ್ತು ವೈದ್ಯರ ಶುಲ್ಕ ಕೂಡಿಸಿ, ವರ್ಷದ ಒಟ್ಟು ಖರ್ಚಿನ ಪಕ್ಕದಲ್ಲಿ ಬರೆದಿಡಿ. ಈ ಅಂಕಿಯನ್ನು ಒಮ್ಮೆಯೂ ಬರೆದು ನೋಡದ ಮನೆಗಳೇ ಹೆಚ್ಚು.

ಬಿಲ್ಲಿನಲ್ಲಿ ಕಾಣದ ಖರ್ಚುಗಳು ಯಾವುವು?

ಓಡಾಟ, ಜೊತೆಗಿರುವವರ ಊಟ ಮತ್ತು ವಸತಿ, ಪಥ್ಯದ ಆಹಾರ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಎಲ್ಲಕ್ಕಿಂತ ಮಿಗಿಲಾಗಿ ಕಳೆದುಹೋದ ಕೂಲಿ. ರೋಗಿ 20 ದಿನ ಮಲಗಿದರು, ಜೊತೆಗೊಬ್ಬರು 20 ದಿನ ಕೂತರು ಎಂದರೆ 40 ದಿನದ ದುಡಿಮೆ ಹೋಯಿತು. ತಿಂಗಳಿಗೆ 25 ದಿನ ಕೆಲಸ ಸಿಗುವವರಿಗೆ ಇದು ಒಬ್ಬರ ಒಂದೂವರೆ ತಿಂಗಳಿಗೂ ಮೀರಿದ ಆದಾಯ. ಚಿಕಿತ್ಸೆ ಪೂರ್ತಿ ಉಚಿತವಾಗಿದ್ದರೂ ಈ ನಷ್ಟ ತಪ್ಪುವುದಿಲ್ಲ.

ಕ್ಷಯ ಇದಕ್ಕೆ ಸ್ಪಷ್ಟ ಉದಾಹರಣೆ. ಅನೇಕ ದೇಶಗಳಲ್ಲಿ ಅದರ ಔಷಧಿ ಉಚಿತ. ಹೀಗಿದ್ದೂ ಓಡಾಟ, ಆಹಾರ, ಆದಾಯ ನಷ್ಟಗಳನ್ನೆಲ್ಲ ಸೇರಿಸಿ ವರ್ಷದ ಆದಾಯದ ಶೇ. 20 ಮೀರಿತೇ ಎಂದು ಲೆಕ್ಕ ಹಾಕಿದಾಗ, ಸಮೀಕ್ಷೆ ನಡೆದ ದೇಶಗಳಲ್ಲಿ ಸರಾಸರಿ ಸುಮಾರು ಅರ್ಧದಷ್ಟು ರೋಗಿಗಳ ಮನೆಗಳು ಆ ಗೆರೆ ದಾಟಿರುವುದು ಕಂಡುಬಂದಿದೆ.

ಅಡ್ಮಿಟ್ ಮಾಡಿ ಎಂದಿದ್ದಾರೆ. ಹಣದ ವಿಷಯದಲ್ಲಿ ಮೊದಲು ಏನು ಮಾಡಬೇಕು?

ತುರ್ತು ಸ್ಥಿತಿಯಿದ್ದರೆ ಮೊದಲು ಚಿಕಿತ್ಸೆ ಶುರುವಾಗಲಿ. ಎದೆನೋವು, ಪಾರ್ಶ್ವವಾಯು, ವಿಪರೀತ ರಕ್ತಸ್ರಾವ, ಉಸಿರಾಟದ ತೊಂದರೆ, ಹೆರಿಗೆಯ ತೊಡಕುಗಳಲ್ಲಿ ದರ ವಿಚಾರಿಸುತ್ತ ನಿಲ್ಲಬಾರದು. ಉಳಿದವರು ಲೆಕ್ಕಪತ್ರ ವಿಭಾಗದಲ್ಲಿ ಅಂದಾಜು ವೆಚ್ಚವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿನ ಅಂದಾಜಿನಲ್ಲಿ ಆಪರೇಷನ್ನಿನ ದರ ಮಾತ್ರ ಇರುತ್ತದೆ. ಅರಿವಳಿಕೆ ವೈದ್ಯರ ಶುಲ್ಕ, ಅಳವಡಿಸುವ ಸ್ಟೆಂಟ್ ಅಥವಾ ಪ್ಲೇಟು, ರಕ್ತ, ಐಸಿಯು ದಿನಗಳು, ಬಳಸಿ ಎಸೆಯುವ ಸಾಮಗ್ರಿಗಳು ಅದರಲ್ಲಿ ಸೇರಿವೆಯೇ ಎಂದು ಒಂದೊಂದಾಗಿ ಹೆಸರು ಹೇಳಿ ಕೇಳಿ. ತೊಡಕು ಬಂದು ಒಂದು ವಾರ ಹೆಚ್ಚು ಇರಬೇಕಾದರೆ ಎಷ್ಟಾಗುತ್ತದೆ ಎಂದೂ ಕೇಳಿ. ಹಣ ಹೊಂದಿಸಬೇಕಾದದ್ದು ಆ ಎರಡನೆಯ ಅಂಕಿಗೆ.

ವೈದ್ಯರಿಗೆ ಕೇಳಬೇಕಾದದ್ದು ಬೇರೆ. ಇದು ಇವತ್ತೇ ಆಗಬೇಕೇ, ಒಂದು ವಾರ ಕಾದರೆ ಅಪಾಯವೇನು? ಇದೇ ಚಿಕಿತ್ಸೆ ಸರ್ಕಾರಿ ಅಥವಾ ಧರ್ಮಾರ್ಥ ಆಸ್ಪತ್ರೆಯಲ್ಲಿ ಆಗುತ್ತದೆಯೇ? ಈಗಾಗಲೇ ಮಾಡಿಸಿದ ಸ್ಕ್ಯಾನಿಂಗ್ ಸಾಕಾಗುವುದಿಲ್ಲವೇ? ಈ ಪ್ರಶ್ನೆ ಕೇಳಲು ನಾಚಿಕೊಳ್ಳಬೇಡಿ. ಮನೆಯ ಸ್ಥಿತಿ ಗೊತ್ತಿದ್ದರೆ ಒಳ್ಳೆಯ ವೈದ್ಯರು ಅದಕ್ಕೆ ತಕ್ಕ ದಾರಿ ಹುಡುಕುತ್ತಾರೆ, ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ.

ವಿಮೆ ಅಥವಾ ಸರ್ಕಾರದ ಯೋಜನೆ ಇದ್ದರೆ ದಾಖಲಾಗುವ ಮೊದಲೇ, ತುರ್ತಾದರೆ 24 ಗಂಟೆಯೊಳಗೆ, ತಿಳಿಸಿಬಿಡಿ. ಗುರುತಿನ ಚೀಟಿಯಲ್ಲಿರುವ ಹೆಸರು ಮತ್ತು ಆಸ್ಪತ್ರೆಯವರು ಬರೆದುಕೊಂಡ ಹೆಸರು ಅಕ್ಷರಶಃ ಒಂದೇ ಇರಲಿ. ಇಷ್ಟು ಸಣ್ಣ ವ್ಯತ್ಯಾಸಕ್ಕೂ ಕ್ಲೇಮು ನಿಂತುಹೋಗುತ್ತದೆ.

ಬಿಲ್ ಪರಿಶೀಲಿಸುವಾಗ ಏನು ನೋಡಬೇಕು?

ಒಟ್ಟು ಮೊತ್ತದ ಚೀಟಿ ಸಾಲದು, ಬಾಬ್ತುವಾರು ಬಿಲ್ ಕೇಳಿ. ಡಿಸ್ಚಾರ್ಜ್ ದಿನದ ಗದ್ದಲದಲ್ಲಿ ನೋಡುವ ಬದಲು ಎರಡು ದಿನಕ್ಕೊಮ್ಮೆ ನೋಡಿ. ತರಿಸಿಯೂ ಬಳಸದ ಔಷಧಿಯನ್ನು ವಾಪಸ್ ಮಾಡಿ ಲೆಕ್ಕದಿಂದ ತೆಗೆಸಿ. ಒಂದೇ ಪರೀಕ್ಷೆ ಎರಡು ಸಲ ಬರೆದಿದ್ದಾರೆಯೇ, ಡಿಸ್ಚಾರ್ಜ್ ತಡವಾಗಿದ್ದಕ್ಕೆ ಒಂದು ದಿನದ ಬಾಡಿಗೆ ಸೇರಿತೇ, ರೋಗಿಯನ್ನು ನೋಡದ ವೈದ್ಯರ ಭೇಟಿ ನಮೂದಾಗಿದೆಯೇ, ಕಟ್ಟಿದ ಮುಂಗಡ ಪೂರ್ತಿ ಕಳೆದಿದ್ದಾರೆಯೇ ಎಂದು ನೋಡಿ. ತಪ್ಪು ಕಂಡರೆ ಜಗಳಕ್ಕಿಳಿಯದೆ ಆ ಸಾಲಿಗೆ ಗುರುತು ಹಾಕಿ ವಿವರಣೆ ಕೇಳಿ. ಎಲ್ಲ ರಸೀದಿಗಳನ್ನೂ ದಿನಾಂಕದ ಪ್ರಕಾರ ಒಂದೇ ಕಡತದಲ್ಲಿಡಿ. ಕ್ಲೇಮಿಗೆ, ನೆರವಿನ ಅರ್ಜಿಗೆ, ಮುಂದಿನ ವೈದ್ಯರಿಗೆ ಅದೇ ಕಡತ ಬೇಕಾಗುತ್ತದೆ.

ಹಣ ಹೊಂದಿಸಲೇಬೇಕು. ಯಾವ ಮೂಲಕ್ಕೆ ಮೊದಲು ಕೈ ಹಾಕಬೇಕು?

ಈ ಅನುಕ್ರಮವನ್ನು ಒತ್ತಿ ಹೇಳುತ್ತೇವೆ. ಗಾಬರಿಯಲ್ಲಿ ಜನ ಇದನ್ನು ತಿರುವುಮುರುವಾಗಿ ಮಾಡುತ್ತಾರೆ: ಮೊದಲು ಬಡ್ಡಿಯವರ ಹತ್ತಿರ ಓಡುತ್ತಾರೆ, ಕೊನೆಗೆ ಆಸ್ಪತ್ರೆಯಲ್ಲಿ ರಿಯಾಯಿತಿ ಕೇಳುತ್ತಾರೆ.

1. ಆಸ್ಪತ್ರೆಯಲ್ಲಿಯೇ ಇರುವ ದಾರಿಗಳು: ರಿಯಾಯಿತಿ, ಬಡರೋಗಿಗಳ ನಿಧಿ, ಬಡ್ಡಿಯಿಲ್ಲದ ಕಂತು. ಸಮಾಜ ಕಾರ್ಯಕರ್ತರಿದ್ದರೆ ಮೊದಲ ದಿನವೇ ಭೇಟಿಯಾಗಿ.
2. ಸರ್ಕಾರದ ಯೋಜನೆ, ವಿಮೆ, ದುಡಿಯುವ ಸಂಸ್ಥೆಯ ಮುಂಗಡ ಸಂಬಳ.
3. ಉಳಿತಾಯ.
4. ಬಂಧುಗಳ ಬಡ್ಡಿಯಿಲ್ಲದ ಕೈಸಾಲ. ಎಷ್ಟು, ಯಾವಾಗ ವಾಪಸ್ ಎಂದು ಬರೆದಿಟ್ಟರೆ ಸಂಬಂಧವೂ ಉಳಿಯುತ್ತದೆ.
5. ಸಹಕಾರ ಸಂಘ, ಸ್ವಸಹಾಯ ಗುಂಪು, ಬ್ಯಾಂಕಿನ ಸಾಲ.
6. ಆದಾಯ ತಾರದ ವಸ್ತುಗಳ ಮಾರಾಟ ಅಥವಾ ಅಡಮಾನ.
7. ದುಡಿಮೆಯ ಸಾಧನ, ಜಮೀನು, ಖಾಸಗಿ ಬಡ್ಡಿ ಸಾಲ.

ಏಳನೆಯದು ಏಕೆ ಕೊನೆಗೆ? ತುರ್ತಿನಲ್ಲಿ ಮಾರುವವರ ಅವಸರ ಕೊಳ್ಳುವವರಿಗೆ ಗೊತ್ತಿರುತ್ತದೆ, ಬೆಲೆ ಬೀಳುತ್ತದೆ. ಮೇಲಾಗಿ ಆ ವಸ್ತುವಿನ ಜೊತೆ ಅದು ತರುತ್ತಿದ್ದ ಮುಂದಿನ ವರ್ಷಗಳ ಆದಾಯವೂ ಕೈಬಿಡುತ್ತದೆ. ಮಕ್ಕಳನ್ನು ಶಾಲೆ ಬಿಡಿಸುವುದನ್ನು ಈ ಪಟ್ಟಿಗೆ ನಾವು ಸೇರಿಸಿಯೇ ಇಲ್ಲ. ಅದು ಮೂಲವಲ್ಲ, ಬಡತನವನ್ನು ಮುಂದಿನ ತಲೆಮಾರಿಗೆ ದಾಟಿಸುವ ದಾರಿ.

ಒಡವೆ ಅಡ ಇಡುವುದು ಮೇಲೋ, ಮಾರುವುದು ಮೇಲೋ?

ಬಿಡಿಸಿಕೊಳ್ಳುವ ಹಣ ಯಾವ ತಿಂಗಳು, ಎಲ್ಲಿಂದ ಬರುತ್ತದೆ ಎಂದು ಖಚಿತವಾಗಿ ಹೇಳಲು ಸಾಧ್ಯವಿದ್ದರೆ ಅಡ ಇಡಿ. 100 ಬೆಲೆಯ ಒಡವೆಯ ಮೇಲೆ 70 ಸಾಲ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ ಎನ್ನಿ. ಹದಿನೆಂಟು ತಿಂಗಳಿಗೆ ಬಡ್ಡಿಯೇ 25 ದಾಟುತ್ತದೆ, ತೀರಿಸಬೇಕಾದದ್ದು 95 ಮೀರುತ್ತದೆ. ಅಷ್ಟರೊಳಗೆ ಬಿಡಿಸಲಾಗದಿದ್ದರೆ 70ಕ್ಕೇ ಒಡವೆ ಕಳೆದುಕೊಂಡಂತೆ. ಅಂಥ ಸ್ಥಿತಿಯಲ್ಲಿ ಇವತ್ತೇ ಸರಿಯಾದ ಬೆಲೆಗೆ ಮಾರುವುದು ಲೇಸು.

ಬಡ್ಡಿ ಸಾಲದ ಲೆಕ್ಕ ಇನ್ನೂ ಕಠಿಣ. ನೂರಕ್ಕೆ ಮೂರು ಎಂದರೆ ಕೇಳಲು ಸಣ್ಣದು. ಬಡ್ಡಿಯನ್ನು ಕಟ್ಟದೆ ಅಸಲಿಗೆ ಸೇರಿಸುತ್ತ ಹೋದರೆ ವರ್ಷಕ್ಕೆ ಶೇ. 42 ದಾಟುತ್ತದೆ, ಎರಡು ವರ್ಷದೊಳಗೆ ಸಾಲ ಇಮ್ಮಡಿಯಾಗುತ್ತದೆ.

ಖರ್ಚು ಉಳಿಸಲು ಮಾತ್ರೆ ಕಡಿಮೆ ಮಾಡಬಹುದೇ?

ಬೇಡ. ಒಂದು ದಿನ ಬಿಟ್ಟು ಒಂದು ದಿನ ನುಂಗುವುದು, ಅರ್ಧ ಮಾಡಿ ನುಂಗುವುದು, ಹುಷಾರಾದೆ ಎಂದು ಬಿಪಿ ಮಾತ್ರೆ ನಿಲ್ಲಿಸುವುದು ಎಲ್ಲವೂ ಇವತ್ತಿನ ಉಳಿತಾಯವನ್ನು ನಾಳೆಯ ಪಾರ್ಶ್ವವಾಯುವಿನ ಬಿಲ್ಲಾಗಿ ಬದಲಿಸುತ್ತವೆ. ಇನ್ಸುಲಿನ್ ತಪ್ಪಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು ಬರಬಹುದು.

ಉಳಿತಾಯಕ್ಕೆ ಸುರಕ್ಷಿತ ದಾರಿಗಳಿವೆ. ಚೀಟಿಯಲ್ಲಿ ಬ್ರಾಂಡಿನ ಬದಲು ಔಷಧಿಯ ಮೂಲ ಹೆಸರು ಬರೆದುಕೊಡಲು ಕೇಳಿ, ಜನರಿಕ್ ಕೊಳ್ಳಿ. ಔಷಧಾಂಶ ಮತ್ತು ಮಿಲಿಗ್ರಾಂ ಒಂದೇ ಇರಬೇಕು, ಅಷ್ಟನ್ನು ಹೋಲಿಸಿ ನೋಡಿ. ಮೂರ್ಛೆರೋಗ, ಥೈರಾಯ್ಡ್ ಮತ್ತು ರಕ್ತ ತೆಳುವಾಗಿಸುವ ಔಷಧಿಗಳಲ್ಲಿ ಮಾತ್ರ ವೈದ್ಯರನ್ನು ಕೇಳದೆ ಕಂಪನಿ ಬದಲಿಸಬೇಡಿ. ಅವುಗಳ ಪ್ರಮಾಣದಲ್ಲಿ ಸಣ್ಣ ಏರುಪೇರೂ ತೊಂದರೆ ಕೊಡುತ್ತದೆ. ಬೇರೆ ಬೇರೆ ವೈದ್ಯರು ಬರೆದ ಚೀಟಿಗಳನ್ನೆಲ್ಲ ವರ್ಷಕ್ಕೊಮ್ಮೆ ಒಬ್ಬರೇ ವೈದ್ಯರ ಮುಂದಿಟ್ಟು, ಇವುಗಳಲ್ಲಿ ಯಾವುದನ್ನು ಬಿಡಬಹುದು ಎಂದು ಕೇಳಿ. ಒಂದೇ ಔಷಧಿ ಎರಡು ಹೆಸರಿನಲ್ಲಿ ನಡೆಯುತ್ತಿರುವುದು, ಎಂದೋ ನಿಲ್ಲಿಸಬೇಕಿದ್ದ ಗ್ಯಾಸ್ಟ್ರಿಕ್ ಮಾತ್ರೆ ಮುಂದುವರಿದಿರುವುದು ಆಗ ಗೊತ್ತಾಗುತ್ತದೆ.

ಐಸಿಯುನಲ್ಲಿ ದಿನಗಳು ಉರುಳುತ್ತಿವೆ, ಹಣ ಮುಗಿಯುತ್ತಿದೆ. ಹೇಗೆ ಕೇಳುವುದು?

ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಹಣದ ಮಾತೆತ್ತಿದರೆ ಪ್ರೀತಿಯಿಲ್ಲವೆಂದು ತಿಳಿದಾರು ಎಂಬ ಅಂಜಿಕೆಯಲ್ಲಿ ಮನೆಯವರು ಮೌನವಾಗಿ ಸಾಲದ ಮೇಲೆ ಸಾಲ ಮಾಡುತ್ತಾರೆ. ವೈದ್ಯರನ್ನು ಪಕ್ಕಕ್ಕೆ ಕರೆದು ಮೂರು ವಿಷಯ ಕೇಳಿ: ಚೇತರಿಸಿಕೊಂಡರೆ ಯಾವ ಸ್ಥಿತಿಗೆ ಮರಳಬಹುದು, ಚೇತರಿಕೆಯ ಗುರುತಾಗಿ ಏನನ್ನು ನೋಡುತ್ತಿದ್ದೀರಿ, ಎಷ್ಟು ದಿನದಲ್ಲಿ ಅದು ಕಾಣಬೇಕು. ಅವಧಿ ಗೊತ್ತುಮಾಡಿ ಚಿಕಿತ್ಸೆ ಕೊಟ್ಟು ನೋಡುವ ಪದ್ಧತಿ ವೈದ್ಯಶಾಸ್ತ್ರದಲ್ಲೇ ಇದೆ. ಉದಾಹರಣೆಗೆ ಐದು ದಿನ ನೋಡಿ, ಸುಧಾರಣೆ ಇಲ್ಲದಿದ್ದರೆ ಮತ್ತೆ ಕೂತು ಮಾತಾಡುವುದು. ನೋವು ಮತ್ತು ಸಂಕಟ ಕಡಿಮೆ ಮಾಡುವ ಉಪಶಾಮಕ ಆರೈಕೆಯೂ ಪೂರ್ಣ ಪ್ರಮಾಣದ ಚಿಕಿತ್ಸೆಯೇ. ಅದನ್ನು ಆರಿಸಿಕೊಂಡರೆ ರೋಗಿಯನ್ನು ಕೈಬಿಟ್ಟಂತಲ್ಲ.

ವಿಮೆ ಮಾಡಿಸಿದ್ದರೆ ಚಿಂತೆಯಿಲ್ಲವೇ?

ಅರ್ಧ ಚಿಂತೆ ಕಡಿಮೆಯಾಗುತ್ತದೆ. ಪಾಲಿಸಿ ಓದುವಾಗ ವಿಮಾ ಮೊತ್ತಕ್ಕಿಂತ ಮೊದಲು ಈ ಸಂಗತಿಗಳನ್ನು ಹುಡುಕಿ: ಮೊದಲಿನಿಂದ ಇರುವ ಕಾಯಿಲೆಗೆ ಎಷ್ಟು ವರ್ಷ ಕಾಯಬೇಕು, ಪ್ರತಿ ಬಿಲ್ಲಿನಲ್ಲಿ ನಿಮ್ಮ ಪಾಲೆಷ್ಟು, ಕೊಠಡಿ ಬಾಡಿಗೆಗೆ ಮಿತಿಯಿದೆಯೇ, ಹೊರರೋಗಿ ಖರ್ಚು ಮತ್ತು ಔಷಧಿ ಸೇರಿವೆಯೇ. ಕೆಲವು ಪಾಲಿಸಿಗಳಲ್ಲಿ ಮಿತಿಗಿಂತ ದುಬಾರಿ ಕೊಠಡಿ ಹಿಡಿದರೆ ಬಾಡಿಗೆಯ ಜೊತೆ ಉಳಿದ ಬಾಬ್ತುಗಳನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕ್ಲೇಮು ತಿರಸ್ಕಾರವಾಗುತ್ತದೆ.

ಇನ್ನೊಂದು ಮಾತು. ವಿಮೆಯಿದ್ದರೂ ಕೈಯಿಂದ ಹಾಕುವ ಹಣ ಹೆಚ್ಚಾದದ್ದುಂಟು. 1990ರ ದಶಕದ ಚೀನಾದ ಮಾಹಿತಿಯಲ್ಲಿ ಇದು ಕಂಡುಬಂದಿದೆ. ವಿಮೆಯಿದೆ ಎಂದು ಜನ ದೊಡ್ಡ ಆಸ್ಪತ್ರೆಗೆ ಹೋದರು, ಮಾಡಿದ ಪ್ರತಿ ಸೇವೆಗೂ ಆಸ್ಪತ್ರೆಗೆ ಪ್ರತ್ಯೇಕವಾಗಿ ಹಣ ಸಿಗುತ್ತಿದ್ದುದರಿಂದ ಅಲ್ಲಿ ಸೇವೆಗಳೂ ಹೆಚ್ಚಿದವು, ವಿಮೆ ತುಂಬದ ಪಾಲು ಮನೆಯ ಮೇಲೆ ಬಿತ್ತು.

ಬಡವರಿಗೆ ಶುಲ್ಕ ವಿನಾಯಿತಿ ಇದ್ದರೂ ಏಕೆ ಸಿಗುವುದಿಲ್ಲ?

ಯಾರು ಬಡವರು ಎಂದು ತೀರ್ಮಾನಿಸುವ ಹೊಣೆ ಶುಲ್ಕ ವಸೂಲಿ ಮಾಡುವವರ ಮೇಲೆಯೇ ಬಿದ್ದರೆ, ಪ್ರತಿ ವಿನಾಯಿತಿಯೂ ಆ ಆಸ್ಪತ್ರೆಗೆ ನಷ್ಟ. ಹೀಗಾಗಿ ಅದು ಕಾಗದದಲ್ಲೇ ಉಳಿಯುತ್ತದೆ. ಕಾಂಬೋಡಿಯಾದಲ್ಲಿ 2000ದ ಸುಮಾರಿಗೆ ಶುರುವಾದ ಆರೋಗ್ಯ ಸಮಾನತಾ ನಿಧಿಗಳು ಈ ಗಂಟನ್ನು ಬಿಡಿಸಿದವು. ಬಡವರನ್ನು ಗುರುತಿಸುವುದು ಬೇರೆಯವರ ಕೆಲಸವಾಯಿತು, ಅವರ ಪರವಾಗಿ ನಿಧಿಯೇ ಆಸ್ಪತ್ರೆಗೆ ಹಣ ಕಟ್ಟಿತು, ಓಡಾಟ ಮತ್ತು ಊಟದ ಖರ್ಚನ್ನೂ ಕೊಟ್ಟಿತು.

ದೇಶದ ಮಟ್ಟದಲ್ಲಿ ಯಾವುದು ಫಲ ಕೊಟ್ಟಿದೆ?

ಕಾಯಿಲೆ ಬರುವ ಮೊದಲೇ, ತೆರಿಗೆ ಅಥವಾ ಕಡ್ಡಾಯ ವಂತಿಗೆಯ ಮೂಲಕ, ಎಲ್ಲರ ಹಣವನ್ನೂ ಒಂದೆಡೆ ಕೂಡಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ 2010ರ ವರದಿಯ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು ಶೇ. 15ರಿಂದ 20ಕ್ಕೆ ಇಳಿದಾಗ ವಿಪರೀತ ಖರ್ಚಿಗೆ ಸಿಲುಕುವ ಮನೆಗಳು ತೀರಾ ವಿರಳವಾಗುತ್ತವೆ.

ಥಾಯ್ಲೆಂಡ್ 2001–02ರಲ್ಲಿ ಬೇರೆ ಯಾವ ರಕ್ಷಣೆಯೂ ಇಲ್ಲದ ಪ್ರಜೆಗಳನ್ನು ತೆರಿಗೆ ಹಣದ ಯೋಜನೆಯೊಳಗೆ ತಂದಿತು. ಮೊದಲಿಗೆ ಡಯಾಲಿಸಿಸ್ ಅದರಲ್ಲಿರಲಿಲ್ಲ, ಮೂತ್ರಪಿಂಡ ವಿಫಲವಾದವರ ಮನೆಗಳು ಮುಳುಗುತ್ತಲೇ ಇದ್ದವು. 2008ರಲ್ಲಿ ಅದನ್ನೂ ಸೇರಿಸಲಾಯಿತು. ಯೋಜನೆಯ ಹೆಸರಿಗಿಂತ ಅದರಲ್ಲಿ ಏನಿದೆ, ಏನಿಲ್ಲ ಎಂಬುದೇ ಮನೆಯ ಹಣೆಬರಹ ಬರೆಯುತ್ತದೆ.

ನಮ್ಮ ಸಂಘದಿಂದ ಮನೆಮನೆ ಸಮೀಕ್ಷೆ ಮಾಡಬೇಕೆಂದಿದ್ದೇವೆ. ಹೇಗೆ ಕೇಳಬೇಕು?

ಹೊರರೋಗಿ ಖರ್ಚಿಗೆ ಕಳೆದ ಎರಡರಿಂದ ನಾಲ್ಕು ವಾರ, ಆಸ್ಪತ್ರೆ ವಾಸಕ್ಕೆ ಕಳೆದ 12 ತಿಂಗಳು ಎಂದು ಕೇಳಿ. ಇನ್ನೂ ಹಿಂದಿನದನ್ನು ಜನ ಮರೆತಿರುತ್ತಾರೆ. ಎರಡು ವಾರದ ಖರ್ಚನ್ನು ಕಣ್ಣುಮುಚ್ಚಿ 26ರಿಂದ ಗುಣಿಸಬೇಡಿ. ದಿನವೂ ನುಂಗುವ ಮಾತ್ರೆಯ ಎರಡು ವಾರದ ಖರ್ಚಿಗೆ ಆ ಗುಣಾಕಾರ ಸರಿ, ಒಮ್ಮೆ ಕಿತ್ತಿಸಿದ ಹಲ್ಲಿಗೆ ಸರಿಯಲ್ಲ.

ಸಾಲ ಮಾಡಿ ಆಸ್ಪತ್ರೆಗೆ ಸುರಿದ ತಿಂಗಳಲ್ಲಿ ಮನೆಯ ಒಟ್ಟು ಖರ್ಚು ಏರಿರುತ್ತದೆ, ಪುಸ್ತಕದಲ್ಲಿ ಆ ಮನೆ ಸಿರಿವಂತವಾಗಿ ಕಾಣುತ್ತದೆ. ಆದ್ದರಿಂದ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಕಡ್ಡಾಯವಾಗಿರಲಿ: ಉಳಿತಾಯ, ಸಾಲ, ಮಾರಾಟ, ನೆರವು, ಒಂದೊಂದರ ಮೊತ್ತವೂ ಬೇರೆ ಬೇರೆ.

ಆರೋಗ್ಯಕ್ಕೆ ಸೊನ್ನೆ ಖರ್ಚು ಎಂದವರ ಮನೆಯಲ್ಲಿ ಇನ್ನೂ ಎರಡು ನಿಮಿಷ ಕೂತುಕೊಳ್ಳಿ. ಕಾಯಿಲೆಯಾಗಿಯೂ ತೋರಿಸಿಕೊಳ್ಳದವರು ಈ ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿ. ಗಂಡಸರು “ಇಲ್ಲ” ಎಂದು ಉತ್ತರಿಸಿದರೆ ಹೆಂಗಸರನ್ನೂ ಹಿರಿಯರನ್ನೂ ಬೇರೆಯಾಗಿ ಕೇಳಿ. ಏಕೆ ಹೋಗಲಿಲ್ಲ ಎಂಬುದಕ್ಕೆ ಅವರು ಕೊಡುವ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ನಿಮ್ಮ ನಮೂನೆಯಲ್ಲಿ ಅದಕ್ಕೆ ಖಾಲಿ ಜಾಗ ಬಿಟ್ಟಿರಬೇಕು.